ಕೂಗುವುದೂ ಒಂದು ಮಾತು: ಬ್ರಿಜ್ ಆಟದ ಹರಾಜು

(ಉಪನ್ಯಾಸದ ಪಠ್ಯ)

ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾ ತಾಲೂಕಿನ ತದಡಿಯಲ್ಲಿ, ಭಟ್ಕಳದ ಬಂದರಿನಲ್ಲಿ ಮೀನಿನ ದೋಣಿ ದಡ ಮುಟ್ಟಿದ ಕೂಡಲೇ ಕಿವಿಗೆ ಬೀಳುವುದು ಹರಾಜಿನ ಕೂಗು. ಬುಟ್ಟಿಯ ಮುಂದೆ ನಿಂತವರು ಒಂದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಲ್ಲಿ ಒಬ್ಬರು ಏರಿಸುತ್ತಾರೆ, ಇನ್ನೊಬ್ಬರು ಮತ್ತೆ ಏರಿಸುತ್ತಾರೆ, ಮೂರನೆಯವರು ತಲೆಯಾಡಿಸಿ ಹಿಂದೆ ಸರಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ವ್ಯವಹಾರ ಮುಗಿಯುತ್ತದೆ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಪ್ರತಿಯೊಬ್ಬರ ಮನಸ್ಸಿನಲ್ಲೂ ಮೂರು ಲೆಕ್ಕಗಳು ನಡೆದಿರುತ್ತವೆ. ಈ ಮಾಲು ತನಗೆ ಎಷ್ಟರವರೆಗೆ ಲಾಭ? ಎದುರಿನವನಿಗೆ ಎಷ್ಟರವರೆಗೆ ಲಾಭ? ಎದುರಿನವನ ಕೂಗು ನಿಜವಾದದ್ದೋ, ಬೆಲೆ ಏರಿಸಲು ಹೂಡಿದ ಉಪಾಯವೋ?

ಜಗತ್ತಿನ ಇಸ್ಪೀಟಾಟಗಳಲ್ಲಿ ಅತ್ಯಂತ ಕಠಿಣವೆಂದು ಹೆಸರಾದ ಬ್ರಿಜ್ ಆಟದ ಅರ್ಧಭಾಗ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ. ಆಟ ಆರಂಭವಾಗುವ ಮೊದಲು ಅಲ್ಲಿಯೂ ಒಂದು ಹರಾಜು ನಡೆಯುತ್ತದೆ. ಎರಡೂ ಪಕ್ಷದವರು ಹಟ ಹಿಡಿದು ಕೂಗತೊಡಗಿದಾಗ ಎಲ್ಲಿಯವರೆಗೆ ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ಸ್ಪರ್ಧಾತ್ಮಕ ಕೂಗಿನ ವಿದ್ಯೆ. ಕರಾವಳಿಯ ಜನಕ್ಕೆ ಈ ವಿದ್ಯೆಯ ಮೂಲಪಾಠ ಹೊಸದಲ್ಲ. ಆದರೆ ಇಸ್ಪೀಟಿನ ಕಟ್ಟು ಕಂಡೊಡನೆ ಜೂಜಿನ ನೆನಪು ಮಾತ್ರ ಬರುವಂತಾಗಿರುವುದರಿಂದ, ಆ ಎಲೆಗಳಲ್ಲಿರುವ ಬುದ್ಧಿಯ ಪಾಲು ಮರೆತುಹೋಗುತ್ತಿದೆ.

ಮೂರು ಪದಗಳು, ಮೂರು ಹಾದಿಗಳು

ಕನ್ನಡದಲ್ಲಿ ಹರಾಜಿಗೆ ಇರುವ ಪದಗಳನ್ನೇ ನೋಡಬಹುದು. ‘ಹರಾಜು’ ಅರಬ್ಬಿ ಮೂಲದ್ದು. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಕೇಳಿಬರುವ ‘ಲಿಲಾವು’ ಪೋರ್ಚುಗೀಸರ ‘ಲೈಲಾಂವ್’ ಎಂಬ ಪದದ ರೂಪಾಂತರ. ದೇವಸ್ಥಾನದ ಹರಕೆಯ ವಸ್ತುಗಳನ್ನು ಕೂಗಿ ಮಾರುವಾಗ ಬಳಕೆಯಾಗುವ ‘ಸವಾಲು’ ಕೂಡ ಅರಬ್ಬಿಯಿಂದ ಬಂದದ್ದೇ; ಅದರ ಮೂಲಾರ್ಥ ‘ಪ್ರಶ್ನೆ’.

ಈ ಭಾಷೆಗಳನ್ನಾಡುವವರು ಈ ಬಂದರುಗಳಿಗೆ ಅಪರಿಚಿತರಾಗಿರಲಿಲ್ಲ. 14ನೆಯ ಶತಮಾನದಲ್ಲಿ ಇಬ್ನ್ ಬತೂತಾ ಹೊನ್ನಾವರವನ್ನು ಕಂಡು ಬರೆದಿದ್ದಾನೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದದ್ದು. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾತ್ರೆಯಲ್ಲಿ ಭಟ್ಕಳದ ಮೇಲೆ ಬಿದ್ದು ಅಕ್ಕಿಯ ಕಪ್ಪ ಒಪ್ಪಿಸಿಕೊಂಡ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದು 17ನೆಯ ಶತಮಾನದ ನಡುಭಾಗದವರೆಗೆ ಅಲ್ಲಿ ನೆಲೆಸಿದ್ದರು. ವ್ಯಾಪಾರ ಬಂದಲ್ಲಿಗೆ ವ್ಯಾಪಾರದ ಮಾತೂ ಬರುತ್ತದೆ.

ಎಲೆಗಳ ಹೆಸರುಗಳ ಕಥೆಯೂ ಇಂಥದ್ದೇ. ‘ಇಸ್ಪೀಟು’ ಎಂಬುದು ನಾಲ್ಕು ಜಾತಿಯ ಎಲೆಗಳಲ್ಲಿ ಒಂದರ ಹೆಸರು. ಕನ್ನಡದಲ್ಲಿ ಅದು ಇಡೀ ಕಟ್ಟಿಗೇ ಹೆಸರಾಯಿತು. ಇಂಗ್ಲಿಷಿನ ‘ಸ್ಪೇಡ್’, ಪೋರ್ಚುಗೀಸಿನ ‘ಎಸ್ಪಾದ’ ಎರಡರ ಹಿಂದೆಯೂ ಇರುವುದು ಕತ್ತಿ ಎಂಬ ಅರ್ಥ. ‘ಕಳಾವರ್’ ಎಂಬ ಜಾತಿಗೆ ಡಚ್ಚರು ‘ಕ್ಲಾವರ್’ ಎನ್ನುತ್ತಾರೆ. ‘ತುರುಫು’ ಎಂಬುದಕ್ಕೆ ಅವರ ಮಾತು ‘ತ್ರೂಫ್’. ಯುರೋಪಿನ ಎಲೆಗಳು ಬರುವ ಮೊದಲೂ ನಮ್ಮಲ್ಲಿ ಎಲೆಯಾಟಗಳಿದ್ದವು. ಗುಂಡಗಿನ ಗಂಜೀಫಾ ಎಲೆಗಳ ಆಟಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ ವಿವರಿಸುತ್ತದೆ. ಆದರೆ ಆಟಕ್ಕೆ ಮುನ್ನ ‘ನಾನು ಇಷ್ಟು ಗೆಲ್ಲುತ್ತೇನೆ’ ಎಂದು ಕೂಗಿ, ಆ ಕೂಗಿಗೆ ಕಟ್ಟುಬೀಳುವ ಪದ್ಧತಿ ನಮ್ಮ ಮನೆಮನೆಗಳಿಗೆ ತಲುಪಿದ್ದು ಬೇರೆ ಆಟದ ಮೂಲಕ.

ಇಪ್ಪತ್ತೆಂಟು ಎಂಬ ಪಾಠಶಾಲೆ

ಅದೇ ‘ಇಪ್ಪತ್ತೆಂಟು’. ಕರ್ನಾಟಕದ ಕರಾವಳಿಯಿಂದ ಕೇರಳದವರೆಗೆ ಮದುವೆ ಮನೆಯ ರಾತ್ರಿಗಳನ್ನೂ ಮಳೆಗಾಲದ ಮಧ್ಯಾಹ್ನಗಳನ್ನೂ ಕಳೆಸಿದ ಆಟ ಇದು. ಆಡುವವರು ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು. ಬಳಸುವುದು ಏಳರಿಂದ ಮೇಲಿನ 32 ಎಲೆಗಳನ್ನು ಮಾತ್ರ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ. ನಾಲ್ಕು ಜಾತಿಯದೂ ಸೇರಿ 28. ಇಲ್ಲಿ ರಾಜ ರಾಣಿಯರಿಗೆ ಅಂಕವೇ ಇಲ್ಲ. ಗುಲಾಮನನ್ನೂ ಒಂಬತ್ತನ್ನೂ ರಾಜನ ಮೇಲೆ ಕೂರಿಸುವ ಈ ವಿಚಿತ್ರ ಪದ್ಧತಿ ಡಚ್ಚರ ‘ಕ್ಲಾವರ್‌ಯಾಸ್’ ಆಟದ ತುರುಫಿನಲ್ಲೂ ಕಾಣುತ್ತದೆ.

ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಆ ನಾಲ್ಕನ್ನು ನೋಡಿಯೇ 14ರಿಂದ ಮೇಲಕ್ಕೆ ಕೂಗಬೇಕು. ಹೆಚ್ಚು ಕೂಗಿದವನು ತನಗೆ ಬೇಕಾದ ತುರುಫಿನ ಎಲೆಯೊಂದನ್ನು ಬೋರಲಾಗಿ ಮುಚ್ಚಿಡುತ್ತಾನೆ. ಆಮೇಲೆ ಉಳಿದ ನಾಲ್ಕು ಎಲೆ ಬರುತ್ತವೆ. ಕೂಗಿದಷ್ಟು ಅಂಕ ತರದಿದ್ದರೆ ಸೋಲು. ಅರ್ಧ ಮಾಹಿತಿಯಲ್ಲಿ ಪೂರ್ತಿ ಜವಾಬ್ದಾರಿ ಹೊರುವುದು ಎಂದರೇನು ಎಂಬುದನ್ನು ಈ ಆಟ ಬಾಲ್ಯದಲ್ಲೇ ಕಲಿಸಿಬಿಡುತ್ತದೆ. ಇಪ್ಪತ್ತೆಂಟು ಬಲ್ಲವರಿಗೆ ಜೊತೆಗಾರ, ತುರುಫು, ಕೂಗು ಎಂಬ ಮೂರೂ ಗೊತ್ತು. ಅಂದರೆ ಬ್ರಿಜ್ ಆಟದ ಅಡಿಪಾಯ ಗೊತ್ತು ಎಂದೇ ಅರ್ಥ.

ಭಾರತದಲ್ಲಿ ಹುಟ್ಟಿದ ಹರಾಜು

ಕುತೂಹಲದ ಸಂಗತಿಯೆಂದರೆ ಬ್ರಿಜ್ ಆಟಕ್ಕೆ ಹರಾಜು ಸೇರಿದ ಕಥೆಗೂ ಭಾರತಕ್ಕೂ ನಂಟಿದೆ. ಇಂಗ್ಲೆಂಡಿನಲ್ಲಿ ಬಹುಕಾಲ ಆಡುತ್ತಿದ್ದ ‘ವಿಸ್ಟ್’ ಆಟದಲ್ಲಿ ಹಂಚಿದ ಕೊನೆಯ ಎಲೆಯ ಜಾತಿಯೇ ತುರುಫು, ಯಾರೂ ಕೂಗಬೇಕಾಗಿರಲಿಲ್ಲ. 19ನೆಯ ಶತಮಾನದ ಕೊನೆಗೆ ಬಂದ ಬ್ರಿಜ್‌ನಲ್ಲಿ ಎಲೆ ಹಂಚಿದವನೋ ಅವನ ಜೊತೆಗಾರನೋ ತುರುಫನ್ನು ಆರಿಸುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ, ನಾಲ್ಕನೆಯ ಆಟಗಾರ ಸಿಗದ ದೂರದ ಠಾಣೆಯೊಂದರಲ್ಲಿದ್ದ ಇಂಡಿಯನ್ ಸಿವಿಲ್ ಸರ್ವಿಸ್‌ನ ಮೂವರು ಅಧಿಕಾರಿಗಳು ಮೂವರೇ ಆಡಲು ಅನುಕೂಲವಾಗುವಂತೆ ತುರುಫನ್ನು ಹರಾಜಿಗಿಟ್ಟರು ಎಂದು ಬ್ರಿಜ್ ಚರಿತ್ರೆಯಲ್ಲಿ ಹೇಳುತ್ತ ಬಂದಿದ್ದಾರೆ. ‘ಆಕ್ಷನ್ ಬ್ರಿಜ್’ ಹೀಗೆ ಹುಟ್ಟಿ ಲಂಡನ್ನಿನ ಕ್ಲಬ್ಬುಗಳಿಗೆ ಹೋಯಿತು.

ಇಂದಿನ ರೂಪ ಕೊಟ್ಟವನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್. 1925ರ ನವೆಂಬರಿನಲ್ಲಿ, ಪನಾಮಾ ಕಾಲುವೆಯ ಮೂಲಕ ಹವಾನಾಕ್ಕೆ ಹೊರಟಿದ್ದ ‘ಫಿನ್‌ಲ್ಯಾಂಡ್’ ಎಂಬ ಹಡಗಿನಲ್ಲಿ, ಗೆಳೆಯರೊಂದಿಗೆ ಆತ ಹೊಸ ಅಂಕಪದ್ಧತಿಯನ್ನು ಪ್ರಯೋಗಿಸಿದ. ಅದರ ತಿರುಳು ಸರಳ: ಎಷ್ಟು ಗೆದ್ದೆ ಎಂಬುದಷ್ಟೇ ಸಾಲದು, ಎಷ್ಟು ಗೆಲ್ಲುತ್ತೇನೆಂದು ಮೊದಲೇ ಹೇಳಿದ್ದೆ ಎಂಬುದಕ್ಕೇ ದೊಡ್ಡ ಬಹುಮಾನ. ಅಂದಿನಿಂದ ಆಟದ ತೂಕ ಕೂಗಿನ ಕಡೆಗೆ ವಾಲಿತು.

ಮೂವತ್ತೈದು ಮೆಟ್ಟಿಲು

ಬ್ರಿಜ್‌ನಲ್ಲಿ 52 ಎಲೆಗಳನ್ನೂ ಹಂಚುತ್ತಾರೆ, ತಲೆಗೆ 13. ಒಂದು ಸುತ್ತಿನಲ್ಲಿ ಬೀಳುವ ನಾಲ್ಕು ಎಲೆಗಳನ್ನು ಗೆದ್ದರೆ ಒಂದು ಪಟ್ಟು. ಒಟ್ಟು 13 ಪಟ್ಟು. ಕೂಗಿದ ಸಂಖ್ಯೆಗೆ 6 ಸೇರಿಸಬೇಕು. ‘ಎರಡು ಆಟೀನು’ ಎಂದರೆ ಆಟೀನು ತುರುಫಾದರೆ 8 ಪಟ್ಟು ತರುತ್ತೇವೆ ಎಂಬ ಮಾತು. ಜಾತಿಗಳಲ್ಲಿ ಕಳಾವರ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮನ್, ಆಟೀನು, ಇಸ್ಪೀಟು, ಎಲ್ಲಕ್ಕಿಂತ ಮೇಲೆ ತುರುಫಿಲ್ಲದ ಆಟ. ಒಂದರಿಂದ ಏಳರವರೆಗೆ ಏಳು ಅಂತಸ್ತು, ಅಂತಸ್ತಿಗೆ ಐದು ಕೂಗು. ಒಟ್ಟು 35 ಮೆಟ್ಟಿಲು. ಹಿಂದಿನ ಮೆಟ್ಟಿಲಿಗೆ ಇಳಿಯುವಂತಿಲ್ಲ.

ಇದಲ್ಲದೆ ‘ಪಾಸ್’, ‘ಡಬಲ್’, ‘ರೀಡಬಲ್’ ಎಂಬ ಮೂರು ಮಾತುಗಳಿವೆ. ಜೊತೆಗಾರನಿಗೆ ತನ್ನ ಕೈಯ 13 ಎಲೆಗಳನ್ನು ವರ್ಣಿಸಲು ಆಟಗಾರನ ಬಳಿ ಇರುವ ಪದಕೋಶ ಇಷ್ಟೇ, 38 ಪದ. 13 ಎಲೆಗಳ ಕೈಗಳಾದರೋ 63,501 ಕೋಟಿಗೂ ಹೆಚ್ಚು ಬಗೆಯಲ್ಲಿ ಬರಬಹುದು. ಆದ್ದರಿಂದ ಪ್ರತಿ ಕೂಗೂ ಬೆಲೆಯೂ ಹೌದು, ವಾಕ್ಯವೂ ಹೌದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಬಲವನ್ನು ಎಣಿಸುವುದು ರೂಢಿ, ಒಟ್ಟು 40. ಸುಮಾರು 12 ಇದ್ದರೆ ಕೂಗು ಆರಂಭಿಸಬಹುದು. ಇಬ್ಬರದೂ ಸೇರಿ 25ರ ಆಸುಪಾಸು ಇದ್ದರೆ ದೊಡ್ಡ ಬಹುಮಾನದ ಅಂತಸ್ತಿಗೆ ಏರಬಹುದು. ಆಟೀನು, ಇಸ್ಪೀಟುಗಳಲ್ಲಿ ಆ ಅಂತಸ್ತು ನಾಲ್ಕು, ಅಂದರೆ 10 ಪಟ್ಟು.

ಎದುರಾಳಿಗಳು ಸುಮ್ಮನಿದ್ದರೆ ಈ ಸಂಭಾಷಣೆ ನಿಧಾನವಾಗಿ, ಸುಖವಾಗಿ ಸಾಗುತ್ತದೆ. ಅವರು ಸುಮ್ಮನಿರುವುದಿಲ್ಲ ಎಂಬುದೇ ಸಮಸ್ಯೆ.

ಅಡ್ಡಗಾಲು, ಪ್ರಶ್ನೆ, ತ್ಯಾಗ

ಸ್ಪರ್ಧೆಯ ಮೊದಲ ಉಪಾಯ ಜಾಗ ಕಸಿಯುವುದು. ಒಬ್ಬನ ಕೈಯಲ್ಲಿ ಇಸ್ಪೀಟಿನ ಏಳು ಎಲೆಗಳಿವೆ, ಬೇರೆ ಬಲವೇನೂ ಇಲ್ಲ ಎನ್ನಿ. ಆತ ಮೊದಲ ಮಾತಿಗೇ ‘ಮೂರು ಇಸ್ಪೀಟು’ ಎಂದು ಹಾರುತ್ತಾನೆ. 35 ಮೆಟ್ಟಿಲುಗಳಲ್ಲಿ 14 ಒಂದೇ ಏಟಿಗೆ ಮುಗಿದವು. ಬಲವಾದ ಎಲೆಗಳನ್ನು ಹಿಡಿದ ಎದುರಾಳಿಗಳು ಪರಸ್ಪರ ಪರಿಚಯ ಮಾಡಿಕೊಳ್ಳುವ ಮೊದಲೇ ನಾಲ್ಕನೆಯ ಅಂತಸ್ತಿಗೆ ಏರಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಇದು ಬಲವಂತನ ಕೂಗಲ್ಲ, ದುರ್ಬಲನ ಅಡ್ಡಗಾಲು. ಅದರಲ್ಲಿ ಮೋಸವೂ ಇಲ್ಲ. ‘ನನ್ನಲ್ಲಿರುವುದು ಉದ್ದವಾದ ಒಂದು ಜಾತಿ ಮಾತ್ರ’ ಎಂಬ ಅದರ ಅರ್ಥ ಮೇಜಿನ ನಾಲ್ವರಿಗೂ ಗೊತ್ತಿರುತ್ತದೆ.

ಎರಡನೆಯದು ಎದುರಾಳಿಯ ಕೂಗಿನ ಮೇಲೆ ಕೂಗುವುದು. ಬಲ ಕಡಿಮೆಯಿದ್ದರೂ ಒಳ್ಳೆಯ ಐದು ಎಲೆಗಳ ಜಾತಿಯಿದ್ದರೆ ಅದನ್ನು ಹೆಸರಿಸಬಹುದು. ಹರಾಜು ಗೆಲ್ಲುವುದೇ ಇದರ ಉದ್ದೇಶವೆಂದಲ್ಲ. ಕೊನೆಗೆ ಎದುರಾಳಿಯೇ ಗೆದ್ದರೂ, ಮೊದಲ ಎಲೆಯಾಗಿ ಯಾವುದನ್ನು ಇಳಿಸಬೇಕು ಎಂಬ ಸೂಚನೆ ಜೊತೆಗಾರನಿಗೆ ಸಿಕ್ಕಿರುತ್ತದೆ.

ಮೂರನೆಯದು ‘ಡಬಲ್’. ಮೂಲದಲ್ಲಿ ಇದು ‘ನೀವು ಸೋಲುತ್ತೀರಿ, ದಂಡ ಹೆಚ್ಚಲಿ’ ಎಂಬ ಬೆದರಿಕೆ. ಆದರೆ ಒಂದೆರಡು ಆಟೀನಿನಂಥ ಕೆಳಗಿನ ಕೂಗಿಗೆ ಅಷ್ಟು ಖಚಿತವಾಗಿ ದಂಡ ಹಾಕುವ ಪ್ರಸಂಗ ಬರುವುದೇ ಅಪರೂಪ. ಹಾಗಾಗಿ ಕೆಳ ಅಂತಸ್ತಿನಲ್ಲಿ ಆ ಪದಕ್ಕೆ ಬೇರೆ ಅರ್ಥ ಬಂತು: ‘ನನ್ನಲ್ಲಿ ಬಲವಿದೆ, ಅವರು ಹೇಳಿದ ಜಾತಿ ಇಲ್ಲ, ಉಳಿದ ಮೂರರಲ್ಲಿ ನಿನ್ನದು ಯಾವುದು?’ ಬೆದರಿಕೆಯ ಪದವೇ ಜೊತೆಗಾರನಿಗೆ ಕೇಳುವ ಪ್ರಶ್ನೆಯಾಯಿತು. ‘ಸವಾಲು’ ಎಂಬ ಪದದಲ್ಲಿ ಪ್ರಶ್ನೆಯೂ ಪಂಥವೂ ಒಟ್ಟಿಗೆ ಇರುವ ಹಾಗೆಯೇ ಇದು.

ನಾಲ್ಕನೆಯದು ಗೊತ್ತಿದ್ದೂ ಸೋಲುವುದು. ಎದುರಾಳಿಗಳು ‘ನಾಲ್ಕು ಆಟೀನು’ ಕೂಗಿದ್ದಾರೆ, ಆಡಿದರೆ ಗೆಲ್ಲುವುದು ಖಚಿತ. ಅವರಿಗೆ ಸಿಗುವ ಅಂಕ 420. ಆಗ ‘ನಾಲ್ಕು ಇಸ್ಪೀಟು’ ಎಂದು ಮೇಲೇರಿ, ಅವರು ಡಬಲ್ ಹೇಳಿ, ಎರಡು ಪಟ್ಟು ಕಡಿಮೆ ಬಿದ್ದು ಸೋತರೆ ಕೊಡಬೇಕಾದದ್ದು 300. ಸೋತರೂ 120 ಉಳಿತಾಯ. ಆದರೆ ಪಕ್ಷಗಳು ಸರದಿಯಂತೆ ‘ವಲ್ನರಬಲ್’ ಎಂಬ ಅಪಾಯದ ಸ್ಥಿತಿಗೆ ಬರುತ್ತವೆ. ಕೂಗಿದವರು ಆ ಸ್ಥಿತಿಯಲ್ಲಿದ್ದರೆ ಅದೇ ಸೋಲಿಗೆ ದಂಡ 500. ಈಗ ಆ ತ್ಯಾಗದಿಂದ 80 ಅಂಕ ನಷ್ಟ. ಎಲೆಗಳು ಅವೇ, ಕೂಗೂ ಅದೇ; ಸೋಲುವ ಬೆಲೆ ಮಾತ್ರ ಬೇರೆ. ಕೈಯಲ್ಲಿರುವ ಎಲೆಗಳನ್ನಷ್ಟೇ ನೋಡಿ ಕೂಗುವವನು ಇಲ್ಲಿ ಎಡವುತ್ತಾನೆ.

ಎಲ್ಲಿ ನಿಲ್ಲಬೇಕು?

ಏರುವುದು ಸುಲಭ. ನಿಲ್ಲುವ ಸ್ಥಳ ತಿಳಿಯುವುದು ಕಷ್ಟ. ಅದಕ್ಕೆ ತೀರ ಸರಳವಾದ ಒಂದು ಅಳತೆಗೋಲನ್ನು ಕೊಟ್ಟವನು ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್. 1960ರ ದಶಕದಲ್ಲಿ ಆತ ಸಾವಿರಾರು ಆಟಗಳ ದಾಖಲೆ ಪರಿಶೀಲಿಸಿ ಹೇಳಿದ್ದು ಇಷ್ಟು: ಒಂದು ಪಕ್ಷಕ್ಕೆ ತನ್ನ ಉತ್ತಮ ತುರುಫಿನಲ್ಲಿ ಸಿಗಬಹುದಾದ ಪಟ್ಟುಗಳು, ಇನ್ನೊಂದು ಪಕ್ಷಕ್ಕೆ ಅದರ ತುರುಫಿನಲ್ಲಿ ಸಿಗಬಹುದಾದ ಪಟ್ಟುಗಳು, ಇವೆರಡರ ಮೊತ್ತ ಎರಡೂ ಪಕ್ಷಗಳ ತುರುಫಿನ ಎಲೆಗಳ ಮೊತ್ತಕ್ಕೆ ಸುಮಾರಾಗಿ ಸಮ. 1992ರಲ್ಲಿ ಅಮೆರಿಕದ ಲ್ಯಾರಿ ಕೋಹೆನ್ ಬರೆದ ಪುಸ್ತಕದಿಂದ ಈ ಸೂತ್ರ ಮನೆಮಾತಾಯಿತು.

ಇದು ಮಾಯವಿದ್ಯೆಯಲ್ಲ. ಒಂದು ರಾಜ ಎಡಗಡೆ ಇದ್ದರೆ ಒಂದು ಪಕ್ಷಕ್ಕೆ ಒಂದು ಪಟ್ಟು ಕಡಿಮೆಯಾಗಿ, ಇನ್ನೊಂದಕ್ಕೆ ಒಂದು ಹೆಚ್ಚುತ್ತದೆ. ಬಲಗಡೆ ಇದ್ದರೆ ಅದರ ಉಲ್ಟಾ. ಪಾಲು ಬದಲಾದರೂ ಒಟ್ಟು ಬದಲಾಗುವುದಿಲ್ಲ. ಉದಾಹರಣೆಗೆ ಒಂದು ಪಕ್ಷದಲ್ಲಿ ಎಂಟು ಇಸ್ಪೀಟು, ಇನ್ನೊಂದರಲ್ಲಿ ಎಂಟು ಆಟೀನು, ಒಟ್ಟು 16. ಎದುರಾಳಿಗಳು ‘ಎರಡು ಆಟೀನು’ ಕೂಗಿ ಎಂಟು ಪಟ್ಟು ಗೆಲ್ಲುವಂತಿದ್ದರೆ, ಉಳಿದ ಎಂಟು ಪಟ್ಟು ಇಸ್ಪೀಟಿನಲ್ಲಿ ಈ ಪಕ್ಷಕ್ಕೂ ಇವೆ. ಆದ್ದರಿಂದ ‘ಎರಡು ಇಸ್ಪೀಟು’ ಎನ್ನುವುದು ಸರಿ. ಎದುರಾಳಿಗಳು ಹಟದಿಂದ ‘ಮೂರು ಆಟೀನು’ ಎಂದರೆ? ಆಗ ಪಾಸ್ ಹೇಳಿ ಸುಮ್ಮನಾಗಬೇಕು. ಅವರಿಗೆ ಇರುವುದು ಎಂಟು ಪಟ್ಟು, ಹೇಳಿದ್ದು ಒಂಬತ್ತು. ಅವರನ್ನು ಒಂದು ಮೆಟ್ಟಿಲು ಮೇಲೆ ನೂಕಿದ್ದೇ ಗೆಲುವು. ಅದರ ಮೇಲೆ ‘ಮೂರು ಇಸ್ಪೀಟು’ ಎಂದರೆ ಗೆದ್ದ ಗೆಲುವನ್ನು ತಿರುಗಿ ಕೊಟ್ಟಂತೆ. ಎಂಟು ತುರುಫಿದ್ದರೆ ಎರಡನೆಯ ಅಂತಸ್ತು, ಒಂಬತ್ತಿದ್ದರೆ ಮೂರನೆಯದು. ತುರುಫು ಎಷ್ಟೋ ಅಷ್ಟು ಪಟ್ಟಿನವರೆಗೆ ಮಾತ್ರ ಸ್ಪರ್ಧಿಸಬೇಕು ಎಂಬುದು ಇದರಿಂದ ಹೊರಡುವ ವ್ಯವಹಾರದ ನಿಯಮ.

ಎದುರಿಗೆ ಇನ್ನೊಬ್ಬ ಕೂಗುವವನು ಬಂದ ಮಾತ್ರಕ್ಕೆ ಬೆಲೆ ಹೇಗೆ ಬದಲಾಗುತ್ತದೆ ಎಂಬುದನ್ನು ಭಟ್ಕಳ 1637ರಲ್ಲೇ ಕಂಡಿತ್ತು. ಆ ವರ್ಷ ಇಂಗ್ಲಿಷರ ಹಡಗುಗಳು ಕರಿಮೆಣಸಿಗಾಗಿ ಭಟ್ಕಳಕ್ಕೆ ಬಂದು, ಇಕ್ಕೇರಿಯ ವೀರಭದ್ರ ನಾಯಕನೊಂದಿಗೆ ಮಾತುಕತೆಗೆ ತೊಡಗಿದವು. ಜೊತೆಯಲ್ಲಿದ್ದ ಪೀಟರ್ ಮಂಡಿ ಅದನ್ನು ಬರೆದಿಟ್ಟಿದ್ದಾನೆ. ಗೋವೆಯ ಪೋರ್ಚುಗೀಸರಿಗೆ ಇದು ಹಿಡಿಸಲಿಲ್ಲ. ಮೆಣಸಿನ ಬಳ್ಳಿ ಹಿಂದಿನದೇ, ಘಟ್ಟವೂ ಹಿಂದಿನದೇ. ಆದರೆ ಕೊಳ್ಳುವವರು ಒಬ್ಬರಿದ್ದಾಗಿನ ಮಾತೇ ಬೇರೆ, ಇಬ್ಬರಾದಾಗಿನ ಮಾತೇ ಬೇರೆ.

ಗೆದ್ದವನ ಗೋಳು

ಹರಾಜಿನಲ್ಲಿ ಗೆದ್ದವನೇ ಸೋತವನಾಗುವುದುಂಟು. ಎಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟವನು ಎಂದರೆ ಎಲ್ಲರಿಗಿಂತ ಹೆಚ್ಚು ತಪ್ಪು ಅಂದಾಜು ಮಾಡಿದವನೂ ಆಗಿರಬಹುದು. ತೈಲಬಾವಿಗಳ ಹರಾಜನ್ನು ಕುರಿತು 1971ರಲ್ಲಿ ಅಮೆರಿಕದ ಮೂವರು ಎಂಜಿನಿಯರುಗಳು ಇದನ್ನು ವಿವರಿಸಿದರು; ಇದಕ್ಕೆ ‘ಗೆದ್ದವನ ಶಾಪ’ ಎಂದು ಹೆಸರು. ಹರಾಜಿನ ಸಿದ್ಧಾಂತ ಮುಂದೆ ಎಷ್ಟು ಬೆಳೆಯಿತೆಂದರೆ, 2020ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಆ ಕ್ಷೇತ್ರದ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಸಂದಿತು.

ಕುಮಟಾಕ್ಕೆ ಈ ಪಾಠ 19ನೆಯ ಶತಮಾನದ್ದು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಈ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ನಿಂತುಹೋದಾಗ ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. ಆ ಬೆಲೆ ಹಾಗೆಯೇ ಇರುತ್ತದೆಂದು ನಂಬಿ ಕೂಗಿದವರು ಬಹಳ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯ ದೊಡ್ಡ ದೊಡ್ಡ ಮನೆತನಗಳು ಮುಳುಗಿದವು. ಬ್ರಿಜ್ ಮೇಜಿನ ಮೇಲೆ ಇದೇ ಅನುಭವ ಕೆಲವು ಅಂಕಗಳಷ್ಟು ಅಗ್ಗದ ಬೆಲೆಗೆ ಸಿಗುತ್ತದೆ ಎಂಬುದೇ ಸಮಾಧಾನ.

ಬಟ್ಟೆಯ ಕೆಳಗಿನ ಬೆರಳು

ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟುವಾಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿದವರಿದ್ದಾರೆ. ಬೆಲೆ ಇಬ್ಬರಿಗೆ ಮಾತ್ರ ಗೊತ್ತು, ಸುತ್ತ ನಿಂತವರಿಗೆ ಗೊತ್ತಿಲ್ಲ. ಬ್ರಿಜ್‌ನ ಧರ್ಮ ಇದಕ್ಕೆ ನೇರ ವಿರುದ್ಧ. ಅಲ್ಲಿ ಎಲೆಗಳು ಗುಟ್ಟು, ಭಾಷೆ ಗುಟ್ಟಲ್ಲ. ಜೊತೆಗಾರರು ಯಾವ ಕೂಗಿಗೆ ಯಾವ ಅರ್ಥವೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಎದುರಾಳಿ ಕೇಳಿದರೆ ಆ ಅರ್ಥವನ್ನು ಬಿಚ್ಚಿ ಹೇಳಲೇಬೇಕು. ಕೂಗಿನ ಹೊರತು ಬೇರೆ ಯಾವ ದಾರಿಯಿಂದಲೂ ಸುದ್ದಿ ತಲುಪಿಸುವಂತಿಲ್ಲ. ಧ್ವನಿ ಏರಿಸುವುದು, ತಡಮಾಡಿ ಪಾಸ್ ಹೇಳುವುದು, ಹುಬ್ಬು ಹಾರಿಸುವುದು ಎಲ್ಲವೂ ತಪ್ಪು. ಈ ಕಾರಣಕ್ಕಾಗಿಯೇ ಸ್ಪರ್ಧೆಗಳಲ್ಲಿ ಬಾಯಿಂದ ಕೂಗುವ ಬದಲು ಮುದ್ರಿಸಿದ ಚೀಟಿಗಳನ್ನು ಇಡುವ ಪದ್ಧತಿ ಬಂತು. 1975ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ನೋಡದಂತೆ ಮೇಜಿಗೆ ಅಡ್ಡವಾಗಿ ಪರದೆ ಕಟ್ಟಲಾಯಿತು. ಆಗ ಮೇಜಿನ ಕೆಳಗೆ ಕಾಲು ತಾಗಿಸಿದ ಆರೋಪ ಎದ್ದು, ಪರದೆ ನೆಲದವರೆಗೂ ಇಳಿಯಬೇಕಾಯಿತು.

ಹೀಗೆ ನೋಡಿದರೆ ಸ್ಪರ್ಧಾತ್ಮಕ ಕೂಗು ಒಂದು ವಿಚಿತ್ರ ಶಿಸ್ತು. ಎದುರಾಳಿ ಕೇಳುತ್ತಿರುವಾಗಲೇ ಜೊತೆಗಾರನಿಗೆ ನಿಜ ಹೇಳಬೇಕು. ಕಡಿಮೆ ಹೇಳಿದರೆ ಅವಕಾಶ ತಪ್ಪುತ್ತದೆ, ಹೆಚ್ಚು ಹೇಳಿದರೆ ಅವನು ನಂಬಿ ಮೇಲೇರಿ ಇಬ್ಬರೂ ಬೀಳುತ್ತಾರೆ. ಬುರುಡೆ ಬಿಡುವವನ ಕೂಗನ್ನು ನಾಲ್ಕು ಆಟದ ನಂತರ ಜೊತೆಗಾರನೇ ನಂಬುವುದಿಲ್ಲ.

ಯಂತ್ರಕ್ಕೂ ಇದು ಸುಲಭವಾಗಿ ಒಲಿದಿಲ್ಲ. 1997ರಲ್ಲೇ ಚದುರಂಗದ ವಿಶ್ವ ಚಾಂಪಿಯನ್ನನನ್ನು ಕಂಪ್ಯೂಟರು ಸೋಲಿಸಿತು. ಬ್ರಿಜ್‌ನಲ್ಲಿ ಅಂಥ ಸುದ್ದಿ ಬಂದದ್ದು 2022ರ ಮಾರ್ಚಿಯಲ್ಲಿ, ಪ್ಯಾರಿಸಿನಿಂದ. ‘ನೂಕ್’ ಎಂಬ ಕಾರ್ಯಕ್ರಮ ಎಂಟು ಮಂದಿ ವಿಶ್ವ ಚಾಂಪಿಯನ್ನರನ್ನು ಮೀರಿಸಿತು. ಆದರೆ ಆ ಪಂದ್ಯದಲ್ಲಿ ಕೂಗಿನ ಭಾಗವನ್ನು ಕೈಬಿಟ್ಟು, ಎಲೆ ಆಡುವ ಭಾಗವನ್ನಷ್ಟೇ ಇಟ್ಟುಕೊಂಡಿದ್ದರು.

ಜೂಜೋ, ಜಾಣ್ಮೆಯೋ?

ಇಸ್ಪೀಟೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಕಾಣುವುದು ಸಾಮಾನ್ಯವಾಗಿ ಒಂದೇ ಬಗೆಯ ಸುದ್ದಿ: ಅಂದರ್-ಬಾಹರ್ ಅಡ್ಡೆಯ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ. ಅಂದರ್-ಬಾಹರ್‌ನಲ್ಲಿ ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂಬುದಷ್ಟೇ ಪ್ರಶ್ನೆ. ಆಡುವವನು ಮಾಡಬಹುದಾದದ್ದು ಏನೂ ಇಲ್ಲ. ಅದರಿಂದ ಮನೆ ಕಳೆದುಕೊಂಡವರನ್ನು ಕಂಡ ತಾಯಂದಿರು ಇಸ್ಪೀಟಿನ ಕಟ್ಟನ್ನೇ ಒಲೆಗೆ ಹಾಕಿದ್ದರೆ ಅವರನ್ನು ದೂರುವಂತಿಲ್ಲ.

ಆ ಬೆಂಕಿಯಲ್ಲಿ ಬೇರೆ ಬೇರೆ ಆಟಗಳು ಒಟ್ಟಿಗೆ ಉರಿದುಹೋಗುತ್ತವೆ ಎಂಬುದನ್ನು ನ್ಯಾಯಾಲಯಗಳು ಗುರುತಿಸಿವೆ. 1967ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳುವಾಗ, ಅದರಲ್ಲಿರುವ ಅದೃಷ್ಟದ ಪಾಲು ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಎಂದು ಹೋಲಿಸಿತು. ಕಲಸಿ ಹಂಚುವ ಯಾವ ಆಟದಲ್ಲೂ ಅದೃಷ್ಟ ಇದ್ದೇ ಇರುತ್ತದೆ. ನೋಡಬೇಕಾದದ್ದು ಮೇಲುಗೈ ಯಾವುದಕ್ಕೆ ಎಂಬುದನ್ನು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯು ಹಣವಿಟ್ಟು ಆಡುವ ಆನ್‌ಲೈನ್ ಕೌಶಲದ ಆಟಗಳನ್ನೂ ನಿಷೇಧಿಸಹೊರಟಾಗ, 2022ರ ಫೆಬ್ರವರಿಯಲ್ಲಿ ರಾಜ್ಯದ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯಿದೆಯಾದರೋ, ಹಣ ಪಣವಾಗಿಟ್ಟ ಆನ್‌ಲೈನ್ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ಕೂಡದು ಎಂದಿತು. ವಾದವಿವಾದ ಏನೇ ಇರಲಿ, ಒಂದು ವಿಷಯ ಸ್ಪಷ್ಟ: ಕೇಡಿನ ಮೂಲ ಎಲೆಯಲ್ಲಿಲ್ಲ, ಪಣದಲ್ಲಿದೆ.

ಬ್ರಿಜ್ ತನ್ನ ಅದೃಷ್ಟದ ಪಾಲನ್ನು ಕಳೆದುಕೊಳ್ಳುವ ಉಪಾಯವನ್ನೂ ಕಂಡುಕೊಂಡಿದೆ. ಸ್ಪರ್ಧೆಗಳಲ್ಲಿ ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ ಮತ್ತೊಂದು ಮೇಜಿಗೂ ಕಳಿಸಿ, ಅದೇ ಎಲೆಗಳಿಂದ ಬೇರೆಯವರು ಎಷ್ಟು ತೆಗೆದರು ಎಂದು ಹೋಲಿಸುತ್ತಾರೆ. ಕೆಟ್ಟ ಎಲೆ ಬಂದದ್ದಕ್ಕೆ ಯಾರೂ ಸೋಲುವುದಿಲ್ಲ. ಅದೇ ಕೆಟ್ಟ ಎಲೆಗಳಿಂದ ಬೇರೆಯವರಿಗಿಂತ ಹೆಚ್ಚು ಕಳೆದುಕೊಂಡವರು ಸೋಲುತ್ತಾರೆ. ಈ ರೂಪದಲ್ಲೇ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಬ್ರಿಜ್ ಸೇರಿತು. ಅಲ್ಲಿ ಪುರುಷರ ಜೋಡಿ ವಿಭಾಗದ ಚಿನ್ನ ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರದಾಯಿತು. ಬರ್ಧನ್ ಅವರಿಗೆ ಆಗ ವಯಸ್ಸು 60. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕ್ರೀಡೆಗಳಲ್ಲಿ ಪುರುಷರ ತಂಡ ಬೆಳ್ಳಿ ತಂದಿತು.

ಪದಕದ ಮಾತು ಹಾಗಿರಲಿ. ಇಪ್ಪತ್ತೆಂಟು ಆಡುತ್ತಿದ್ದ ಹಿರಿಯರಿರುವ ಮನೆಯಲ್ಲಿ ಬ್ರಿಜ್ ಕಲಿಸಲು ದೊಡ್ಡ ಸಿದ್ಧತೆ ಬೇಡ. ನಾಲ್ಕು ಜನ, ಒಂದು ಕಟ್ಟು ಎಲೆ, ಅಂಕ ಬರೆಯಲು ಒಂದು ಹಾಳೆ ಸಾಕು. ಹಣ ಖಂಡಿತ ಬೇಡ. ಹಣ ಬಂದರೆ ಮನಸ್ಸು ಅಂಕವನ್ನು ಬಿಟ್ಟು ಜೇಬನ್ನು ಎಣಿಸುತ್ತದೆ, ಆಗ ಸರಿಯಾದ ಕೂಗು ಬಾಯಿಗೆ ಬರುವುದಿಲ್ಲ. ಮಕ್ಕಳಿಗೆ ಮೊದಲ ದಿನ ಕಲಿಸಬೇಕಾದದ್ದು ಏರುವುದನ್ನಲ್ಲ, ‘ಪಾಸ್’ ಎನ್ನುವುದನ್ನು. ಬಂದರಿನ ಹರಾಜಿನಲ್ಲಿ ತಲೆಯಾಡಿಸಿ ಹಿಂದೆ ಸರಿದ ಆ ಮೂರನೆಯವರು ಸೋತವರಲ್ಲ. ಆ ಬುಟ್ಟಿ ತನಗೆ ಎಷ್ಟಕ್ಕೆ ದುಬಾರಿ ಎಂಬುದು ಅವರಿಗೆ ಗೊತ್ತಿತ್ತು. ಮುಂದಿನ ದೋಣಿ ಬರುವವರೆಗೆ ಅವರ ದುಡ್ಡು ಅವರ ಕೈಯಲ್ಲೇ ಇರುತ್ತದೆ.